ವೆಬ್ ವಿಳಾಸ ಓದುವುದು ಹೇಗೆ?

ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಕೂತು ಮೊಬೈಲಲ್ಲಿ ಪಹಣಿ ತೆಗೆಯುವ ಮುನ್ನ, ಬ್ರೌಸರಿನಲ್ಲಿ ಕಾಣುವ ವಿಳಾಸವನ್ನು ಒತ್ತಿ ಪೂರ್ತಿ ಓದಿ. ಕರ್ನಾಟಕ ಸರ್ಕಾರದ ಜಮೀನು ದಾಖಲೆಗಳ ತಾಣ ‘ಭೂಮಿ’ಯ ವಿಳಾಸ ಹೀಗಿದೆ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಇದೇ ಡೊಮೇನ್, ಅಂದರೆ ತಾಣದ ಹೆಸರು. ಎಚ್‌ಟಿಟಿಪಿಎಸ್ ಪಕ್ಕದ ಜೋಡಿ ಓರೆಗೆರೆ ಬಿಟ್ಟು, ನಂತರ ಬರುವ ಒಂಟಿ ಓರೆಗೆರೆ ಹುಡುಕಿ. ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಿ. ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿದರೆ ಸರ್ಕಾರದ್ದು. ‘ಕರ್ನಾಟಕ-ಗವ್-ಇನ್ ಡಾಟ್ ಕಾಮ್’ ಎಂಬಂಥದ್ದಿದ್ದರೆ ತಕ್ಷಣ ಮುಚ್ಚಿ. ಡಾಟ್ ಕಾಮ್ ಹೆಸರನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಪಡೆಯಬಹುದು. ಎಡದಿಂದ ಎರಡು ಪದ ಓದಿ ನಂಬಿಬಿಡುವುದರಿಂದಲೇ ಬಹಳ ಜನ ಮೋಸ ಹೋಗುವುದು.

ಎಚ್‌ಟಿಟಿಪಿಎಸ್ ಇದ್ದರೆ ನೀವು ಕಳಿಸುವ ಮಾಹಿತಿ ದಾರಿಯಲ್ಲಿ ಬೇರೆಯವರಿಗೆ ಓದಲು ಬಾರದು, ಅಷ್ಟೆ. ಕಳ್ಳ ತಾಣಕ್ಕೂ ಅದು ಪುಕ್ಕಟೆ ಸಿಗುತ್ತದೆ. ಹಾಗಾಗಿ ಅದೊಂದನ್ನೇ ನೋಡಿ ಓಟಿಪಿ ಕೊಡಲೇಬೇಡಿ.

ಪುಟದ ಬದಲು 404 ಎಂಬ ದೋಷಸಂಖ್ಯೆ ಬಂದರೆ ಸರ್ವರ್ (ತಾಣ ಇರುವ ಕಂಪ್ಯೂಟರ್) ಸಿಕ್ಕಿದೆ, ಆ ಪುಟ ಇಲ್ಲ, ಕಾಗುಣಿತ ನೋಡಿ. 503 ಬಂದರೆ ಸರ್ವರ್‌ಗೆ ಸದ್ಯ ಕೆಲಸ ಮಾಡಲಾಗುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಹಳೇ ಮಾಹಿತಿಯೇ ಮತ್ತೆ ಮತ್ತೆ ಕಂಡರೆ ಕ್ಯಾಶ್ ಅಳಿಸಿ: ಫೋನು ಹಿಂದೆ ಉಳಿಸಿಕೊಂಡ ಪ್ರತಿಯನ್ನೇ ತೋರಿಸುತ್ತಿರಬಹುದು. ಕುಕಿ (ನೀವು ಲಾಗಿನ್ ಆಗಿರುವುದನ್ನು ನೆನಪಿಡಲು ತಾಣ ಫೋನಿನಲ್ಲಿ ಇಡುವ ಸಣ್ಣ ಗುರುತು) ಅಳಿಸಿದರೆ ಮಾತ್ರ ಮತ್ತೆ ಲಾಗಿನ್ ಆಗಬೇಕು.

ಫೈಲು ನಿಧಾನವಾಗಿ ಇಳಿಯುತ್ತಿದ್ದರೆ ಇಂಟರ್ನೆಟ್ ವೇಗದ ಲೆಕ್ಕ ನೋಡಿ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಮೆಗಾಬಿಟ್. 8ರಿಂದ ಭಾಗಿಸಿದರೆ 5 ಮೆಗಾಬೈಟ್. 100 ಎಂಬಿ (ಮೆಗಾಬೈಟ್) ಫೈಲಿಗೆ ಕನಿಷ್ಠ 20 ಸೆಕೆಂಡ್ ಬೇಕು.