ಸ್ಪ್ರಿಂಗ್ ಏರ್‌ಸಾಫ್ಟ್ ರೈಫಲ್‌ನಲ್ಲಿ ಗಾಳಿ ಸೋರದಂತೆ ನೋಡಿಕೊಳ್ಳಿ

ಏರ್‌ಸಾಫ್ಟ್ ಅಂದರೆ ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು. ಅದರ ಸ್ಪ್ರಿಂಗ್ ರೈಫಲ್‌ಗೆ ಗ್ಯಾಸ್ ಬ್ಲೋಬ್ಯಾಕ್ ಕೂರಿಸಬಹುದಾ ಅಂತ ಎಷ್ಟೋ ಜನ ನನ್ನನ್ನು ಕೇಳುತ್ತಾರೆ. ಎರಡರ ದಾರಿಯೇ ಬೇರೆ. ಬ್ಲೋಬ್ಯಾಕ್‌ನಲ್ಲಿ ಗ್ಯಾಸ್ 6 ಮಿ.ಮೀ. ಗುಂಡನ್ನೂ ತಳ್ಳುತ್ತದೆ, ಬೋಲ್ಟನ್ನೂ (ಹಿಂದೆ ಮುಂದೆ ಸರಿಯುವ ಭಾಗ) ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್‌ನಲ್ಲಿ ಬೋಲ್ಟ್ ಎಳೆಯುವುದು ನಮ್ಮ ಕೈ, ಗುಂಡು ತಳ್ಳುವುದು ಪಿಸ್ಟನ್ ಒತ್ತಿದ ಗಾಳಿ. ಆ ಗಾಳಿ ಸೋರಿದರೆ ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೂ ಸುಮ್ನೆ ದಂಡ.

ಮೊದಲು ಸೇಫ್ಟಿ ಕನ್ನಡಕ ಹಾಕಿ. ಮ್ಯಾಗಜಿನ್ ತೆಗೆದು, ಒಳಗೆ ಗುಂಡು ಉಳಿದಿಲ್ಲ, ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಸಿಲಿಂಡರ್ ಹೊರಗೆ ತೆಗೆದು ಸ್ಪ್ರಿಂಗ್ ಬಿಚ್ಚಿ. ಗಾಳಿ ಹೊರಬರುವ ನಾಝಲ್ ತುದಿಯನ್ನು ಬೆರಳಿಂದ ಬಿಗಿಯಾಗಿ ಮುಚ್ಚಿ, ಪಿಸ್ಟನ್ ಅನ್ನು ಕೈಯಲ್ಲೇ ನಿಧಾನ ತಳ್ಳಿ. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿದಂತೆ ಅದು ತಡೆದು ನಿಲ್ಲಬೇಕು. ಸಲೀಸಾಗಿ ಜಾರಿತಾ? ಹಾಗಾದರೆ ಪಿಸ್ಟನ್ ತಲೆಯ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ನೋಡಿ. ಬಿರುಕಿದ್ದರೆ ಬದಲಿಸಿ. ಬರೀ ಸಡಿಲವಾಗಿದ್ದರೆ ಅದರಡಿ ತೆಳುವಾಗಿ ಟೆಫ್ಲಾನ್ ಟೇಪ್ ಒಂದು ಸುತ್ತು ಸುತ್ತಿ. ಜಾಸ್ತಿ ಸುತ್ತಿದರೆ ಪಿಸ್ಟನ್ ಉಜ್ಜಿಕೊಂಡು ನಿಧಾನವಾಗುತ್ತದೆ.

ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಪೆಟ್ರೋಲಿಯಂ ಎಣ್ಣೆ ಬೇಡ, ರಬ್ಬರ್ ಉಬ್ಬಿ ಹಾಳಾಗಬಹುದು. ಗುಂಡನ್ನು ಹಿಡಿದು ಹಿಮ್ಮುಖವಾಗಿ ತಿರುಗಿಸುವ ಹಾಪ್-ಅಪ್ ರಬ್ಬರ್‌ಗಂತೂ ಯಾವ ಎಣ್ಣೆಯೂ ತಾಗಬಾರದು. ಆ ರಬ್ಬರ್‌ನ ಹಿಡಿತ ತಪ್ಪಿದರೆ ಗುಂಡಿಗೆ ಹಿಮ್ಮುಖ ತಿರುಗು ಸರಿಯಾಗಿ ಸಿಗಲ್ಲ, ಗುರಿ ಅತ್ತಿತ್ತ ಹೋಗುತ್ತದೆ.