ಅಪ್ಪನ ಜೊತೆ ಆರ್ಥರ್ಸ್ ಸೀಟ್ ಹತ್ತಿದ್ದು

2016ರ ಮೇ ತಿಂಗಳಲ್ಲಿ ಅಪ್ಪ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದಿದ್ರು, ಊರ ಮಧ್ಯ ನಿಂತಿರೋ ಆರ್ಥರ್ಸ್ ಸೀಟ್ ಗುಡ್ಡ ನೋಡಿ ದಿನಾ ಕೇಳೋರು ಯಾವಾಗ್ಲಾ ಕರ್ಕೊಂಡೋಗ್ತೀಯ ಅಂತ. ಅದು ಜ್ವಾಲಾಮುಖಿ ಅಪ್ಪ, ಉರಿದಿದ್ದು ಸುಮಾರು 34 ಕೋಟಿ ವರ್ಷದ ಹಿಂದೆ ಅಂದೆ.

ಎತ್ತರ 251 ಮೀಟರ್ ಅಷ್ಟೇ. ಆದ್ರೂ ಅಪ್ಪಂಗೆ ಮಂಡಿ ನೋವು, ಅದಕ್ಕೆ ಗುಡ್ಡದ ಬುಡದಲ್ಲಿರೋ ಹೋಲಿರೂಡ್ ಅರಮನೆ ಕಡೆಯಿಂದ ಹೋಗ್ದೆ ಟ್ಯಾಕ್ಸೀಲಿ ಪೂರ್ವಕ್ಕಿರೋ ಡನ್ಸಾಪಿ ಕೆರೆ ಹತ್ರ ಇಳ್ಕೊಂಡ್ವಿ, ಏರು ಒಂದಷ್ಟು ರಸ್ತೇಲೇ ಮುಗಿಯುತ್ತೆ, ಮಿಕ್ಕಿದ್ದು ಹುಲ್ಲಿನ ದಾರಿ. ವಯಸ್ಸಾದೋರನ್ನ ಕರ್ಕೊಂಡು ಹೋಗೋರು ಇದೇ ಕಡೆಯಿಂದ ಹೋಗಿ. ಅಲ್ಲಿ ಗಾರ್ಸ್ ಅಂತ ಹಳದಿ ಹೂವಿನ ಮುಳ್ಳುಗಿಡ ಇದೆ, ಬಿಸಿಲು ಬಿದ್ರೆ ಥೇಟ್ ಕೊಬ್ರಿ ವಾಸನೆ. ತುದೀಲಿ ಮಾತ್ರ ಹುಷಾರು, ಜನ ತುಳಿದೂ ತುಳಿದೂ ಬಂಡೆ ನುಣ್ಣಗಾಗಿದೆ, ಗಾಳಿ ಬೇರೆ, ಅಪ್ಪ ಕೊನೇಲಿ ಕೈ ಊರ್ಕೊಂಡೇ ಹತ್ತಿದ್ರು.

ಆದ್ರೆ ಅವರಿಗೆ ತುದಿಗಿಂತ ಹಿಡಿಸಿದ್ದು ಮಾರನೇ ದಿನ ನೋಡಿದ ಸಾಲಿಸ್ಬರಿ ಕ್ರ್ಯಾಗ್ಸ್. ಅದೇ ಗುಡ್ಡದ ಪಕ್ಕ ಗೋಡೆ ಥರ ನಿಂತಿರೋ ಬಂಡೆ, ಡಾಲರೈಟ್ ಅಂತ, ಕರಗಿದ ಕಲ್ಲು ನೆಲದೊಳಗೇ ಆರಿ ಗಟ್ಟಿಯಾಗಿದ್ದು, ಅಪ್ಪ ನಮ್ ಚಾಮರಾಜನಗರದ ಕ್ವಾರೀಲಿ 30 ವರ್ಷ ಕೆಲಸ ಮಾಡಿದೋರು, ಒಂದ್ಸಲ ಕೈಯಾಡಿಸಿ "ಇದು ನಮ್ ಕರಿಕಲ್ಲೇ ಕಣ್ಲಾ" ಅಂದ್ರು. ನಿಜಾನೇ, ನಮ್ ಕರಿಕಲ್ಲೂ ಡಾಲರೈಟೇ, ಇದಕ್ಕಿಂತ ಎಷ್ಟೋ ಹಳೇದು.

ಜೇಮ್ಸ್ ಹಟನ್ ಅನ್ನೋ ಭೂವಿಜ್ಞಾನಿ 18ನೇ ಶತಮಾನದಲ್ಲಿ ತೋರಿಸಿದ ಜಾಗ ಅಲ್ಲೇ ಇದೆ, ಆಗ ಇಂಥ ಕಲ್ಲೆಲ್ಲ ಸಮುದ್ರದ ನೀರಲ್ಲಿ ತಳ ಕಟ್ಟಿದ್ದು ಅಂತ ಎಷ್ಟೋ ಜನ ನಂಬಿದ್ರು, ಅಲ್ಲ ಇದು ಕರಗಿದ ಕಲ್ಲು ಕೆಳಗಿಂದ ನುಗ್ಗಿದ್ದು ಅಂದೋರು ಹಟನ್. ನುಗ್ಗೋವಾಗ ಹಳೇ ಪದರಗಲ್ಲನ್ನ ಎಬ್ಬಿಸಿ ಬಗ್ಗಿಸಿರೋದು ಕಣ್ಣಿಗೇ ಕಾಣುತ್ತೆ. ನಾನು ಅದನ್ನ ತೋರಿಸ್ತಿದ್ರೆ ಅಪ್ಪ ಇನ್ನೊಂದು ತೋರಿಸಿದ್ರು, ಪದರಗಲ್ಲಿಗೆ ತಾಗಿರೋ ಅಂಚಲ್ಲಿ ಡಾಲರೈಟ್ ಕಲ್ಲಿನ ಕಾಳು ಕಣ್ಣಿಗೆ ಸಿಗದಷ್ಟು ಸಣ್ಣ, ಒಳಗೆ ಹೋದಂಗೆ ದಪ್ಪ. "ಇಲ್ಲಿ ಬೇಗ ಆರೈತೆ, ಒಳಗೆ ನಿಧಾನಕ್ಕೆ ಆರೈತೆ, ನಮ್ ಕ್ವಾರೀಲೂ ಹಿಂಗೇಯ." ಅಪ್ಪ ಓದಿದ್ದು ಏಳನೇ ಕ್ಲಾಸು, ನನಗೆ ಅವತ್ತು ಎಷ್ಟು ಹೆಮ್ಮೆ ಆಯ್ತೋ ಹೇಳಕ್ಕಾಗಲ್ಲ.

2018ರಲ್ಲಿ ಅಲ್ಲಿ ಬಂಡೆ ಉರುಳಿ ಕ್ರ್ಯಾಗ್ಸ್ ಬುಡದ ದಾರಿ ಮುಚ್ಚಿದ್ರು, ಈಗ ಹೋಗೋರು ವಿಚಾರಿಸ್ಕೊಂಡು ಹೋಗಿ. ಫೋನಲ್ಲಿ ಅಪ್ಪಂಗೆ ಹೇಳಿದಾಗ ಮೊದಲು ಕೇಳಿದ್ದು ಕೆಳಗೆ ಯಾರಾದ್ರೂ ಇದ್ರೇನ್ಲಾ ಅಂತ.