ರಾಜ್ಯಪಾಲರ ಬಗ್ಗೆ ಬರೆಯುವುದು ಹೇಗೆ? ಒಡೆಯರ್ ಅವರನ್ನೇ ತೆಗೆದುಕೊಳ್ಳೋಣ

ರಾಜ್ಯಪಾಲರೊಬ್ಬರ ಪರಿಚಯ ಬರೆಯಬೇಕಾ? ಮೊದಲು ಅವರ ಹುದ್ದೆಗಳನ್ನು ಇಸವಿ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜಯಚಾಮರಾಜೇಂದ್ರ ಒಡೆಯರ್ ಅವರದು ಹೀಗೆ: 1940ರಲ್ಲಿ ಮೈಸೂರಿನ ಮಹಾರಾಜರು, 1950ರಲ್ಲಿ ರಾಜಪ್ರಮುಖ, 1956ರ ನವೆಂಬರ್ 1ರಿಂದ ವಿಶಾಲ ಮೈಸೂರಿನ ರಾಜ್ಯಪಾಲ, 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲ.

ಜಾಸ್ತಿ ಗೊಂದಲ ಆಗುವುದು ರಾಜಪ್ರಮುಖ ಅನ್ನುವ ಪದದಲ್ಲಿ. ಅದೂ ರಾಜ್ಯದ ಮುಖ್ಯಸ್ಥರ ಸ್ಥಾನವೇ, ಆದರೆ ಹಳೆಯ ಸಂಸ್ಥಾನಗಳಿಂದ ಆದ ರಾಜ್ಯಗಳಿಗೆ ಮಾತ್ರ ಇತ್ತು, 1956ರಲ್ಲಿ ಸಂವಿಧಾನದ ಏಳನೇ ತಿದ್ದುಪಡಿಯಲ್ಲಿ ಹೋಯಿತು. ಹಾಗಾಗಿ '1950ರಿಂದ ರಾಜ್ಯಪಾಲ' ಅಂತ ಬರೆದರೆ ತಪ್ಪು.

ವಯಸ್ಸನ್ನೂ ಲೆಕ್ಕ ಹಾಕಿ. ರಾಜ್ಯಪಾಲರಾಗಲು 35 ತುಂಬಿರಬೇಕು. ಒಡೆಯರ್ ಹುಟ್ಟಿದ್ದು 1919ರ ಜುಲೈನಲ್ಲಿ, ಅಂದರೆ 1956ರಲ್ಲಿ ರಾಜ್ಯಪಾಲರಾದಾಗ ಅವರಿಗೆ ಬರೀ 37!

ಇನ್ನೊಂದು ಎಚ್ಚರ. ಸರ್ಕಾರದ ಆದೇಶಗಳೆಲ್ಲ ರಾಜ್ಯಪಾಲರ ಹೆಸರಿನಲ್ಲೇ ಹೊರಡುತ್ತವೆ, ಆದರೆ ಸಾಮಾನ್ಯವಾಗಿ ನಿರ್ಧಾರ ಮಂತ್ರಿಮಂಡಲದ್ದು. ಆ ಕಾಲದ ರಸ್ತೆ, ಅಣೆಕಟ್ಟು ಎಲ್ಲವನ್ನೂ ಸುಮ್ನೆ ಅವರ ಲೆಕ್ಕಕ್ಕೆ ಬರೆಯಬೇಡಿ. ಮುಖ್ಯಮಂತ್ರಿ ಯಾರಿದ್ದರು ಅಂತ ಪಕ್ಕದಲ್ಲೇ ಬರೆದುಕೊಂಡರೆ ಈ ತಪ್ಪು ಆಗುವುದಿಲ್ಲ. 1956ರ ನವೆಂಬರ್‌ನಲ್ಲಿ ನಿಜಲಿಂಗಪ್ಪ ಇದ್ದರು.

ಹುದ್ದೆಯ ಆಚೆಗಿನ ಬದುಕಿಗೂ ಜಾಗ ಇಡಿ. ಒಡೆಯರ್ 'ಶ್ರೀವಿದ್ಯಾ' ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿ ರಚಿಸಿದವರು. ನನಗಂತೂ ಅವರು ಹತ್ತಿರವಾಗುವುದೇ ಅಲ್ಲಿ. 1974ರಲ್ಲಿ ತೀರಿಕೊಂಡರು.